ಒಂದೇ ಪಂದ್ಯದ ಸೀಸನ್

(ಚಿಕ್ಕಮಗಳೂರಿನಲ್ಲಿ ಕಾಲೇಜು ಆಟಗಾರರು, ದೈಹಿಕ ಶಿಕ್ಷಣದ ಮೇಷ್ಟ್ರುಗಳು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ಲೆಕ್ಕ ಮಾಡೋಣ. ಪೆನ್ನು, ಪೇಪರ್ ಬೇಡ. ಒಂದು ಅಂತರ ಕಾಲೇಜು ಫುಟ್‌ಬಾಲ್ ಟೂರ್ನಿಗೆ 16 ತಂಡ ಬಂದಿವೆ ಅಂತ ಇಟ್ಟುಕೊಳ್ಳಿ. ನಾಕೌಟ್ ಪದ್ಧತಿ. ಒಟ್ಟು ಎಷ್ಟು ಪಂದ್ಯ? 15. ಪ್ರತಿ ಪಂದ್ಯಕ್ಕೆ ಒಂದು ತಂಡ ಮನೆಗೆ ಹೋಗಬೇಕು, ಕೊನೆಗೆ ಒಂದೇ ಉಳಿಯಬೇಕು, ಅದಕ್ಕೆ 15. ಸರಿ. ಈಗ ಹೇಳಿ, ಒಂದೇ ಒಂದು ಪಂದ್ಯ ಆಡಿ ವಾಪಸ್ ಬಸ್ಸು ಹತ್ತುವ ತಂಡಗಳು ಎಷ್ಟು? ಎಂಟು. ಬಂದವರಲ್ಲಿ ಅರ್ಧ! ಇನ್ನು ನಾಲ್ಕು ತಂಡಕ್ಕೆ ಎರಡು ಪಂದ್ಯ ಸಿಗುತ್ತದೆ. ನಾಲ್ಕು ಪಂದ್ಯ ಆಡುವುದು ಫೈನಲ್ ತಲುಪಿದ ಇಬ್ಬರು ಮಾತ್ರ.

ನಮ್ಮ ಕಾಲೇಜು ತಂಡದ ಈ ಸಲದ ಸೀಸನ್ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಸೀಸನ್ ಹೇಗಿತ್ತು ಅಂದರೆ, 70 ನಿಮಿಷ ಇತ್ತು. ಆಮೇಲೆ ಪೆನಾಲ್ಟಿ. ಅಷ್ಟೇ. ಜೂನ್‌ನಿಂದ ತಯಾರಿ, ಒಂದು ಬೆಳಿಗ್ಗೆ ಮುಗಿಯಿತು. ಮೂರನೇ ಸಾಲಿನಲ್ಲಿ ಕೂತು ತಲೆ ತಗ್ಗಿಸಿದ್ದೀರಲ್ಲ, ತಗ್ಗಿಸಬೇಡಿ. ನೀವು ಕೆಟ್ಟದಾಗಿ ಆಡಲಿಲ್ಲ. ನಾನು ಇವತ್ತು ಹೇಳಬೇಕು ಅಂತಿರೋದು ನಿಮ್ಮ ಆಟದ ಬಗ್ಗೆಗಿಂತ ಜಾಸ್ತಿ, ನಿಮಗೆ ಆಡಲು ಕೊಟ್ಟಿದ್ದು ಎಷ್ಟು ಅನ್ನೋದರ ಬಗ್ಗೆ.

ಪೋಷಕರಿಗೆ ಗೊತ್ತಿರಲಿ ಅಂತ ಜೂನ್‌ನಿಂದಲೇ ಶುರು ಮಾಡುತ್ತೇನೆ. ಕಾಲೇಜು ತೆರೆಯೋದೂ ಮಳೆ ಬರೋದೂ ನಮ್ಮಲ್ಲಿ ಒಂದೇ ಹೊತ್ತಿಗೆ. ಜುಲೈ ತಿಂಗಳಲ್ಲಿ ಮೈದಾನದ ಕಡೆ ಹೋದರೆ ಗೋಲ್ ಕಂಬದ ಮುಂದೆ ಕೆರೆ. ಗೋಲಿ ಓಡಾಡಿ ಓಡಾಡಿ ಅಲ್ಲೇ ತಗ್ಗಾಗಿರುತ್ತದೆ, ನೀರೂ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮೊದಲ ಎರಡೂವರೆ ತಿಂಗಳು ನಮ್ಮ ಅಭ್ಯಾಸ ಅಂದರೆ ಶೀಟ್ ಹೊದಿಸಿದ ಸೈಕಲ್ ಸ್ಟ್ಯಾಂಡಿನ ಕೆಳಗೆ. ಐದು ಜನ ಸುತ್ತ ನಿಂತು ಪಾಸ್ ಮಾಡಬೇಕು, ನಡುವೆ ಇಬ್ಬರು ಕಿತ್ತುಕೊಳ್ಳಬೇಕು. ಜಾಗ ಕಡಿಮೆ ಇದ್ದರೆ ಕಾಲು ಚುರುಕಾಗುತ್ತದೆ. 90 ನಿಮಿಷದ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರೋದು ಒಟ್ಟು ಸೇರಿಸಿದರೂ ಎರಡು ಮೂರು ನಿಮಿಷ. ಸೈಕಲ್ ಸ್ಟ್ಯಾಂಡಿನಲ್ಲಿ ಅಷ್ಟು ಹತ್ತು ನಿಮಿಷದಲ್ಲೇ ಸಿಗುತ್ತದೆ. ಮಳೆಯನ್ನು ಸುಮ್ನೆ ಬೈಯಬೇಡಿ.

ಆಗಸ್ಟ್ ಕೊನೆಗೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಮೈದಾನಕ್ಕೆ ಇಳಿದೆವು. ಅಲ್ಲಿ ಕ್ರಿಕೆಟ್‌ನವರು ಇದ್ದಾರೆ, ವಾಕಿಂಗ್‌ನವರು ಇದ್ದಾರೆ, ಸ್ಕೂಟರ್ ಕಲಿಯುವವರು ಇದ್ದಾರೆ. ಎಲ್ಲರ ಜೊತೆ ಹೊಂದಿಕೊಂಡು ಅರ್ಧ ಮೈದಾನ. ಅಂದರೆ ನಮ್ಮ ಹುಡುಗರು ಪೂರ್ತಿ 100 ಮೀಟರ್ ಮೈದಾನದಲ್ಲಿ ಆಡಿದ್ದು ಟೂರ್ನಿಯ ದಿನವೇ ಅನ್ನಬಹುದು.

ತಂಡದ ಬಗ್ಗೆ ಹೇಳಲೇಬೇಕು, ಯಾಕೆಂದರೆ ನಮ್ಮ ಜಿಲ್ಲೆ ವಿಚಿತ್ರ. ಒಂದೇ ಜಿಲ್ಲೆಯಲ್ಲಿ ಮೂಡಿಗೆರೆ, ಕೊಪ್ಪ, ಶೃಂಗೇರಿಯ ಮಲೆನಾಡೂ ಇದೆ, ಕಡೂರಿನ ಬಯಲುಸೀಮೆಯೂ ಇದೆ. ನಮ್ಮ ತಂಡದ ಡಿಫೆಂಡರ್‌ಗಳಲ್ಲಿ ಇಬ್ಬರು ಕಡೂರು ಕಡೆಯವರು. ಅಲ್ಲಿನ ನೆಲ ಗಟ್ಟಿ. ಚೆಂಡು ಬಿದ್ದರೆ ಎದೆಯೆತ್ತರ ಪುಟಿಯುತ್ತದೆ. ಮೈದಾನದ ಅಂಚಿಗೆ ಹೋದರೆ ಜಾಲಿ ಮುಳ್ಳು ಚುಚ್ಚಿ ಗಾಳಿ ಹೋಗುತ್ತದೆ, ಅದು ಬೇರೆ ವಿಷಯ. ಆ ಹುಡುಗರು ಚಿಕ್ಕಂದಿನಿಂದ ಕಲಿತದ್ದು ಏನಪ್ಪಾ ಅಂದರೆ, ಉದ್ದ ಚೆಂಡು ಬಂದಾಗ ಒಂದು ಹೆಜ್ಜೆ ಹಿಂದೆ ನಿಲ್ಲು, ಪುಟಿಯಲಿ ಬಿಡು, ಆಮೇಲೆ ತಲೆ ಕೊಡು. ಮಿಡ್‌ಫೀಲ್ಡ್‌ನಲ್ಲಿ ಆಡುವ ಹುಡುಗ ಮೂಡಿಗೆರೆ ಕಡೆ ಎಸ್ಟೇಟಿನವನು. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸ, ಲೈನ್ ಮನೆಯಲ್ಲಿ ವಾಸ. ಅವನು ಕಲಿತದ್ದು ಇದರ ಉಲ್ಟಾ. ಒದ್ದೆ ನೆಲದಲ್ಲಿ ಚೆಂಡು ಪುಟಿಯೋದೇ ಇಲ್ಲ. ಹುಲ್ಲಿದ್ದರೆ ಬಿದ್ದ ಚೆಂಡು ಜಾರಿ ಇನ್ನೂ ಜೋರಾಗಿ ಓಡುತ್ತದೆ. ಕೆಸರಿದ್ದರೆ ಬಿದ್ದಲ್ಲೇ ಸತ್ತ ಹಾಗೆ ನಿಲ್ಲುತ್ತದೆ. ಕಾಯುತ್ತಾ ನಿಂತರೆ ಕೆಲಸ ಕೆಟ್ಟಿತು, ಮುಂದೆ ಹೋಗಿಯೇ ತಗೊಳ್ಳಬೇಕು. ಒಂದೇ ಜರ್ಸಿ ಹಾಕಿದವರ ತಲೆಯಲ್ಲಿ ಎರಡು ಬೇರೆ ಬೇರೆ ಫುಟ್‌ಬಾಲ್ ಇತ್ತು.

ಇದು ಅಭ್ಯಾಸದಲ್ಲಿ ಕಾಣಲಿಲ್ಲವಾ ಮೇಷ್ಟ್ರೇ ಅಂತ ನೀವು ಕೇಳಬಹುದು. ಕಾಣುವುದಿಲ್ಲ. ಅರ್ಧ ಮೈದಾನದಲ್ಲಿ ಉದ್ದ ಚೆಂಡು ಹೊಡೆಯುವವರು ಯಾರು? ಅದು ಕಾಣುವುದು ಎದುರಾಳಿ ಇದ್ದಾಗ, ಆ ಎದುರಾಳಿ ನಿಮಗೆ ಪರಿಚಯ ಇಲ್ಲದವನಾಗಿದ್ದಾಗ.

ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆ ಬರುತ್ತವೆ. ಟೂರ್ನಿ ಪಕ್ಕದ ಜಿಲ್ಲೆಯಲ್ಲಿತ್ತು. ಬೆಳಗಿನ ಜಾವದ ಬಸ್ಸು. ಹಿಂದಿನ ರಾತ್ರಿ ಅಲ್ಲಿ ಮಳೆ ಬಂದಿತ್ತು. ನೆಲ ನೋಡಿದ ಕೂಡಲೇ ಮೂಡಿಗೆರೆ ಹುಡುಗ ನಕ್ಕ, ಕಡೂರಿನವರು ಮುಖ ಮುಖ ನೋಡಿಕೊಂಡರು. ಮೊದಲ ಕಾಲು ಗಂಟೆಯಲ್ಲಿ ಎರಡು ಸಲ ಚೆಂಡು ನಮ್ಮ ಡಿಫೆಂಡರ್‌ಗಳ ಕಾಲಡಿ ಜಾರಿ ಹೋಯಿತು. ಎರಡು ಸಲವೂ ತರೀಕೆರೆಯ ನಮ್ಮ ಗೋಲಿ ಹೊರಗೆ ಓಡಿ ಬಂದು ಬದುಕಿಸಿದ. ಆ ಹುಡುಗನಿಗೆ ಒಂದು ಚಪ್ಪಾಳೆ ಹೊಡೆಯಿರಿ, ಪರವಾಗಿಲ್ಲ.

ಹಾಫ್ ಟೈಮಿನಲ್ಲಿ ಹೇಳಿದೆ, ಪುಟಿಯುವವರೆಗೆ ಕಾಯಬೇಡ್ರೋ ಅಂತ. ಅರ್ಥ ಆಯಿತು. ಆದರೆ ಕಾಲಿಗೆ ಅರ್ಥ ಆಗಲು ಟೈಮ್ ಬೇಕಲ್ಲ. ಎರಡನೇ ಅರ್ಧದ ಕೊನೆಯ 20 ನಿಮಿಷ ಅವರು ಎಷ್ಟು ಚೆನ್ನಾಗಿ ಮುಂದೆ ಹೋಗಿ ಚೆಂಡು ತಗೊಂಡರು ಅಂದರೆ, ಎದುರು ತಂಡದವರು ಉದ್ದ ಚೆಂಡು ಹೊಡೆಯೋದನ್ನೇ ಬಿಟ್ಟರು. 35 ಮತ್ತು 35, ಒಟ್ಟು 70 ನಿಮಿಷ ಮುಗಿದಾಗ ಸೊನ್ನೆ ಸೊನ್ನೆ. ಆಮೇಲೆ 11 ಮೀಟರಿನಿಂದ ಐದೈದು ಹೊಡೆತ. ನಾವು 3, ಅವರು 4. ಮುಗಿಯಿತು.

ನೋಡಿ, ಇದು ನನ್ನನ್ನು ಕಾಡುತ್ತದೆ. ಸೋಲಲ್ಲ. ಸೋಲುವುದು ಆಟದಲ್ಲಿ ಇದ್ದದ್ದೇ. ಆ 70 ನಿಮಿಷದಲ್ಲಿ ಹುಡುಗರು ಒಂದು ದೊಡ್ಡ ವಿಷಯ ಕಲಿತರು. ಕಲಿತದ್ದನ್ನು ಬಳಸಲು ಎರಡನೇ ಪಂದ್ಯ ಇರಲಿಲ್ಲ. ಡಿಗ್ರಿಗೆ ಮೂರು ವರ್ಷ ಓದಿಸಿ, ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ ಕೇಳಿ, ತಪ್ಪಾದರೆ ಎದ್ದು ಹೋಗು ಅಂದರೆ ನೀವು ಪೋಷಕರು ಒಪ್ಪುತ್ತೀರಾ? ಆಟದಲ್ಲಿ ಮಾತ್ರ ಇದನ್ನು ಸರಿ ಅಂತ ಒಪ್ಪಿಕೊಂಡು ಬಂದಿದ್ದೇವೆ.

ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯೋದೂ ಇದೇ ಟೂರ್ನಿಯಲ್ಲಿ. ಆಯ್ಕೆ ಮಾಡುವವರು ಮೂಡಿಗೆರೆ ಹುಡುಗನನ್ನು ನೋಡಿದ್ದು ಒಂದೇ ಪಂದ್ಯದಲ್ಲಿ, ಅದೂ ಪಕ್ಕದ ಅಂಕಣದಲ್ಲಿ ಇನ್ನೊಂದು ಪಂದ್ಯ ನಡೆಯುತ್ತಿರುವಾಗ. ಅವರನ್ನು ದೂರಲ್ಲ. ಅವರಾದರೂ ಏನು ಮಾಡಿಯಾರು?

ಇದು ನಮ್ಮ ಊರಿನ ಗೋಳು ಮಾತ್ರ ಅಂದುಕೊಳ್ಳಬೇಡಿ. 1948ರ ಲಂಡನ್ ಒಲಿಂಪಿಕ್ಸ್ ಕಥೆ ಹೇಳುತ್ತೇನೆ, ಹುಡುಗರು ಕೇಳಿರಲಿಕ್ಕಿಲ್ಲ. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಮೊದಲ ಸಲ ಹೋಗಿತ್ತು. ಹೆಚ್ಚಿನವರು ಬೂಟಿಲ್ಲದೆ ಬರಿಗಾಲಲ್ಲಿ ಆಡಿದರು. ಎದುರಿಗೆ ಫ್ರಾನ್ಸ್. ಫ್ರಾನ್ಸ್ ಒಂದು ಗೋಲು ಮುಂದಿತ್ತು, ಎರಡನೇ ಅರ್ಧದಲ್ಲಿ ನಮ್ಮವರು ಸಮ ಮಾಡಿದರು. ಗೋಲು ಹೊಡೆದವರು ಸಾರಂಗಪಾಣಿ ರಾಮನ್, ನಮ್ಮ ಬೆಂಗಳೂರಿನಲ್ಲಿ ಆಡುತ್ತಿದ್ದವರು. ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡೂ ಗೋಲಾಗಲಿಲ್ಲ. ಕೊನೆ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆಯಿತು. 2-1. ಅಲ್ಲೂ ನಾಕೌಟ್. ಅಷ್ಟು ದೂರ ಹೋದ ತಂಡ ಆ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಅದೊಂದೇ ಪಂದ್ಯ.

ರಾಮನ್, ಅದೇ ತಂಡದ ಅಹ್ಮದ್ ಖಾನ್ ಇಂಥವರು ಎಲ್ಲಿಂದ ಬಂದರು? ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಅಂತ ಬೆಂಗಳೂರು ದಂಡಿನ ಕಡೆ ಫುಟ್‌ಬಾಲ್ ಕೇರಿಗಳೇ ಇದ್ದವು. ಈಗಲೂ ಇವೆ. ಅಲ್ಲಿ ಹುಡುಗರಿಗೆ ಪಂದ್ಯಕ್ಕೆ ಬರ ಇರಲಿಲ್ಲ. ರಾಜ್ಯ ರಾಜ್ಯಗಳ ನಡುವಿನ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು, ಕೊನೆಯದು 1968-69ರಲ್ಲಿ. ಆಮೇಲೆ 54 ವರ್ಷ ಇಲ್ಲ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಮತ್ತೆ ಗೆದ್ದೆವು. ಆ ಫೈನಲ್ ಎಷ್ಟು ಜನ ನೋಡಿದಿರಿ, ಕೈ ಎತ್ತಿ? ಪರವಾಗಿಲ್ಲ, ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದೀರಿ.

ಈಗ ಪಕ್ಕದ ಕೇರಳಕ್ಕೆ ಬನ್ನಿ. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ನಮ್ಮವರು ಹೋದಾಗ ಕೇರಳದ ತಂಡ ಸಿಕ್ಕರೆ ಸಾಕು, ಕೈಕಾಲು ತಣ್ಣಗಾಗುತ್ತದೆ. ಅಖಿಲ ಭಾರತ ಮಟ್ಟದ ಅಶುತೋಷ್ ಮುಖರ್ಜಿ ಟ್ರೋಫಿಯನ್ನು ಕ್ಯಾಲಿಕಟ್ ವಿಶ್ವವಿದ್ಯಾಲಯ ಹಲವು ಸಲ ಗೆದ್ದಿದೆ. ಅವರ ರಕ್ತದಲ್ಲೇ ಇದೆ ಸಾರ್ ಅಂತಾರೆ ನಮ್ಮ ಹುಡುಗರು. ರಕ್ತದಲ್ಲಿ ಏನೂ ಇಲ್ಲ. ಮಲಬಾರಿನಲ್ಲಿ ಸೆವೆನ್ಸ್ ಅಂತ ಇದೆ, ಏಳೇಳು ಜನರ ಫುಟ್‌ಬಾಲ್. ಮಳೆ ಮುಗಿದು ಗದ್ದೆ ಒಣಗಿದ ಮೇಲೆ ಶುರುವಾಗಿ, ಮುಂದಿನ ಮಳೆ ಬರುವ ತನಕ ಒಂದಲ್ಲ ಒಂದು ಊರಿನಲ್ಲಿ ಟೂರ್ನಿ. ಚೆನ್ನಾಗಿ ಆಡುವ ಒಬ್ಬ ಕಾಲೇಜು ಹುಡುಗನಿಗೆ ಆ ಕೆಲವೇ ತಿಂಗಳಲ್ಲಿ ಸಿಗುವಷ್ಟು ಪಂದ್ಯ ನಮ್ಮ ಹುಡುಗನಿಗೆ ಡಿಗ್ರಿ ಮುಗಿಯುವ ತನಕವೂ ಸಿಗುವುದಿಲ್ಲ. ಸೆವೆನ್ಸ್‌ನಲ್ಲಿ ಗಾಯ ಜಾಸ್ತಿ, ಒರಟುತನವೂ ಇದೆ, ಎಷ್ಟೋ ಕೋಚ್‌ಗಳಿಗೆ ಅದು ಇಷ್ಟವಿಲ್ಲ, ನನಗೂ ಪೂರ್ತಿ ಇಷ್ಟವಿಲ್ಲ. ಆದರೆ ಪಂದ್ಯ ಆಡಿದವನ ಕಾಲು ಬೇರೆ. ಇಲ್ಲೇ ಕೊಡಗಿನ ಸುಂಟಿಕೊಪ್ಪ, ಸಿದ್ದಾಪುರದ ಕಡೆ ಹೋದರೂ ಆ ವ್ಯತ್ಯಾಸ ಕಾಣುತ್ತದೆ.

ದೂರದ ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಕಾಲೇಜು ಫುಟ್‌ಬಾಲ್ ಅಂತ ಮೊಬೈಲಿನಲ್ಲಿ ಹುಡುಕಿದರೆ ಮೊದಲು ಬರೋದು ಅಮೆರಿಕ. ಅವರ ಆಟ ಬೇರೆ, ಮೊಟ್ಟೆಯಾಕಾರದ ಚೆಂಡು ಬಗಲಲ್ಲಿ ಇಟ್ಟುಕೊಂಡು ಓಡುತ್ತಾರೆ. ತಮಾಷೆ ಏನೆಂದರೆ, 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಅವರ ಮೊದಲ ಪಂದ್ಯ ನಮ್ಮ ಆಟಕ್ಕೇ ಹತ್ತಿರ ಇತ್ತು. ಒಂದು ಕಡೆಗೆ 25 ಜನ, ಚೆಂಡು ಎತ್ತಿಕೊಂಡು ಓಡುವ ಹಾಗಿಲ್ಲ. ರಟ್ಗರ್ಸ್ 6-4ರಲ್ಲಿ ಗೆದ್ದಿತು. ಈಗ ಅಲ್ಲಿನ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. 2011ರ ಜನಗಣತಿಯಲ್ಲಿ ನಮ್ಮ ಚಿಕ್ಕಮಗಳೂರು ಪಟ್ಟಣದ ಜನಸಂಖ್ಯೆ 1 ಲಕ್ಷ 18 ಸಾವಿರದ ಆಸುಪಾಸು. ಹೆಚ್ಚು ಕಡಿಮೆ ಊರಿಗೆ ಊರೇ ಹೋಗಿ ಕೂರಬಹುದು! ಆ ದುಡ್ಡು, ಆ ಟಿ.ವಿ., ಅದೆಲ್ಲ ನಮಗೆ ಬೇಡ, ಬಂದರೂ ತಡೆಯಲ್ಲ. ನನಗೆ ಹೊಟ್ಟೆಕಿಚ್ಚಾಗುವುದು ಒಂದೇ ವಿಷಯಕ್ಕೆ. ಅಲ್ಲಿ ದೊಡ್ಡ ವಿಭಾಗದ ತಂಡಕ್ಕೆ ಸೀಸನ್ ಅಂದರೆ 12 ಪಂದ್ಯ. ವಾರಕ್ಕೊಂದು, ಹೆಚ್ಚಾಗಿ ಶನಿವಾರ. ಎಲ್ಲ ಪಂದ್ಯ ಸೋತು ಕೊನೇ ಸ್ಥಾನದಲ್ಲಿರುವ ತಂಡವೂ 12 ಆಡಿಯೇ ಆಡುತ್ತದೆ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ವಿಶ್ವವಿದ್ಯಾಲಯದ ಟೂರ್ನಿ ಹೇಗಿದೆಯೋ ಹಾಗೇ ಇರಲಿ. ಅದಕ್ಕೆ ಮೊದಲು ನಮ್ಮ ಜಿಲ್ಲೆಯ ಆರು ಕಾಲೇಜು ಸೇರಿ ಒಂದು ಲೀಗ್ ಮಾಡೋಣ. ಎಲ್ಲರೂ ಎಲ್ಲರ ಮೇಲೆ ಒಂದೊಂದು ಪಂದ್ಯ. ಒಟ್ಟು ಅವೇ 15 ಪಂದ್ಯ. ಆದರೆ ಪ್ರತಿ ತಂಡಕ್ಕೂ ಐದು. ಗೆದ್ದರೆ 3 ಅಂಕ, ಡ್ರಾ ಆದರೆ 1. ಐದು ಭಾನುವಾರ, ದಿನಕ್ಕೆ ಮೂರು ಪಂದ್ಯ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದರೆ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತದೆ, ಕೊಪ್ಪದವರಿಗೂ ಹಗಲಲ್ಲೇ ಬಸ್ಸು ಸಿಗುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಬಾಯಿಪಾಠ. ಹಾಜರಿ ಶೇಕಡಾ 75 ಇರಬೇಕು ಅಂತಾರೆ ಪ್ರಿನ್ಸಿಪಾಲರು. ಅದಕ್ಕೇ ಭಾನುವಾರ. ಮಕ್ಕಳಿಗೆ ಗಾಯ ಆಗುತ್ತದೆ ಅಂತಾರೆ ಪೋಷಕರು. ನಿಜ ಹೇಳಬೇಕೆಂದರೆ ಗಾಯ ಜಾಸ್ತಿ ಆಗೋದು ಈಗಿನ ಪದ್ಧತಿಯಲ್ಲಿ. ಎರಡು ದಿನದಲ್ಲಿ ಟೂರ್ನಿ ಮುಗಿಸಬೇಕು ಅಂತ ಗೆದ್ದ ತಂಡಕ್ಕೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಪಂದ್ಯ ಇಡುತ್ತಾರೆ. ಎರಡನೇ ದಿನ ಸೆಮಿಫೈನಲ್ ಹೊತ್ತಿಗೆ ತೊಡೆಯ ಹಿಂಭಾಗ ಹಿಡಿದುಕೊಂಡು ಕೂರುವವರನ್ನು ನೀವೇ ನೋಡಿದ್ದೀರಿ. ಲೀಗಿನಲ್ಲಿ ಒಂದು ವಾರ ಬಿಡುವಿರುತ್ತದೆ. ಶಿನ್‌ಗಾರ್ಡ್ ಇಲ್ಲದವನನ್ನು ಇಳಿಸಬಾರದು, ಅದು ನಿಯಮ. ಕಾಗದದ ರಟ್ಟು ಸಾಕ್ಸ್ ಒಳಗೆ ತುರುಕಿಕೊಂಡು ಬರುವವರು ಇಲ್ಲಿ ಇದ್ದೀರಿ, ಹೆಸರು ಹೇಳಲ್ಲ.

ಖರ್ಚು? ದೊಡ್ಡ ಖರ್ಚು ಬಸ್ಸಿನದು. ಉಳಿದದ್ದು ರೆಫರಿಗಳ ಸಂಭಾವನೆ, ಎರಡು ಒಳ್ಳೆ ಚೆಂಡು, ಗೆರೆ ಹಾಕುವ ಪುಡಿ. ಪುಡಿ ಅಂದಾಗ ಒಂದು ಮಾತು ಹೇಳಿಬಿಡುತ್ತೇನೆ. ಅಗ್ಗ ಅಂತ ದಯವಿಟ್ಟು ಸುಣ್ಣ ತರಬೇಡಿ. ಒದ್ದೆ ನೆಲದಲ್ಲಿ ಸ್ಲೈಡ್ ಮಾಡಿದ ಹುಡುಗನ ತೊಡೆ ಸುಟ್ಟು ಹೋಗುತ್ತದೆ, ಕಣ್ಣಿಗೆ ಬಿದ್ದರೆ ಕೇಳಲೇಬೇಡಿ. ಚಾಕ್ ಪುಡಿ ಸಿಗುತ್ತದೆ, ಅದನ್ನೇ ತನ್ನಿ. ತಿಂಡಿಯ ಚಿಂತೆ ಬೇಡ. ನಮ್ಮ ತಂಡದ ಒಬ್ಬ ಹುಡುಗನ ಅಪ್ಪನದ್ದು ಬೇಕರಿ. ಟೂರ್ನಿಯ ದಿನ ಕಳಿಸಿದ ಬನ್ನು, ಎಗ್ ಪಫ್ ವಾಪಸ್ ಬರುವಾಗಲೂ ಮುಗಿದಿರಲಿಲ್ಲ.

ಹೆಣ್ಣುಮಕ್ಕಳ ತಂಡದ ಸ್ಥಿತಿ ಇನ್ನೂ ಕಷ್ಟ. ತಂಡಗಳೇ ಬೆರಳೆಣಿಕೆ. 11 ಜನ ಸೇರುವುದಿಲ್ಲ ಅಂತ ಕಾಲೇಜುಗಳು ಹೆಸರನ್ನೇ ಕೊಡುವುದಿಲ್ಲ. ಅವರಿಗೆ ಏಳು ಜನರ ಪಂದ್ಯ ಇಡೋಣ, ಅಡ್ಡ ಮೈದಾನದಲ್ಲಿ, ಅದೇ ಭಾನುವಾರಗಳಂದು. ಮೂರು ತಂಡ ಬಂದರೂ ಎರಡೆರಡು ಸಲ ಆಡಿದರೆ ತಲಾ ನಾಲ್ಕು ಪಂದ್ಯ ಆಯಿತು.

ಇನ್ನು ಯಾವಾಗ ಅನ್ನೋದು. ಇದರಲ್ಲಿ ಮಾತ್ರ ನಾನು ಹಟ ಮಾಡುತ್ತೇನೆ. ನವೆಂಬರ್ ಆದರೆ ಆಗಲ್ಲ. ನವೆಂಬರ್‌ಗೆ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಕುಯ್ಲು ಶುರುವಾದರೆ ಮೂಡಿಗೆರೆ, ಕೊಪ್ಪ ಕಡೆಯ ಹುಡುಗರು ಭಾನುವಾರ ಮೈದಾನಕ್ಕೆ ಬರುವುದಿಲ್ಲ. ಬರಬಾರದು ಕೂಡ. ಕೆ.ಜಿ. ಲೆಕ್ಕದಲ್ಲಿ ಕೂಲಿ ಸಿಗುವ ದಿನಗಳು ಅವು, ಮನೆಯ ಒಂದು ಜೊತೆ ಕೈ ಜಾಸ್ತಿ ಇದ್ದರೆ ಅಷ್ಟು ದುಡ್ಡು ಜಾಸ್ತಿ. ನಿಯಮದ ಪ್ರಕಾರ ಏಳು ಜನ ಇದ್ದರೂ ಪಂದ್ಯ ಶುರು ಮಾಡಬಹುದು. ಹಾಗಂತ ಏಳು ಜನರನ್ನು ನಿಲ್ಲಿಸಿ ಏಟು ತಿನ್ನಿಸೋದು ಆಟವಲ್ಲ. ಆಗಸ್ಟ್ ಅಂದರೆ ಮಳೆ. ಉಳಿಯೋದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ. ನಡುವೆ ದಸರಾ ಬರುತ್ತದೆ, ಒಂದು ವಾರ ಬಿಡಿ. ಅಕ್ಟೋಬರ್‌ನಲ್ಲಿ ಗುಡುಗು ಮಳೆ ಬರೋದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ನಮ್ಮ ಪಂದ್ಯ ಅಷ್ಟರೊಳಗೆ ಮುಗಿದಿರುತ್ತದೆ.

ಇನ್ನೊಂದು ಲಾಭ ಇದೆ, ಅದನ್ನು ಯಾರೂ ಬಜೆಟ್ಟಿನಲ್ಲಿ ಬರೆಯುವುದಿಲ್ಲ. ಇಲ್ಲಿರುವ ಪೋಷಕರಲ್ಲಿ ಮಗ ಆಡೋದನ್ನು ನೋಡಿದವರು ಎಷ್ಟು ಜನ? ಟೂರ್ನಿ ಬೇರೆ ಊರಿನಲ್ಲಿ, ಕೆಲಸದ ದಿನ. ನೋಡೋದು ಹೇಗೆ? ಎಲ್ಲ ಪಂದ್ಯ ಚಿಕ್ಕಮಗಳೂರಿನಲ್ಲೇ ಬೇಡ. ಒಂದು ಭಾನುವಾರ ಕಡೂರು, ಒಂದು ಭಾನುವಾರ ಮೂಡಿಗೆರೆ ಮಾಡೋಣ. ಗಟ್ಟಿ ನೆಲದವರು ಕೆಸರಿನಲ್ಲಿ ಆಡಲಿ, ಕೆಸರಿನವರು ಗಟ್ಟಿ ನೆಲದಲ್ಲಿ ಆಡಲಿ. ನಮ್ಮ ಇಬ್ಬರು ಡಿಫೆಂಡರ್‌ಗಳಿಗೆ ಬೇಕಾಗಿದ್ದ ಪಾಠ ಅದೇ ಅಲ್ವಾ? ಎಸ್ಟೇಟಿನಿಂದ ಜೀಪು ಮಾಡಿಕೊಂಡು ಲೈನಿನವರೆಲ್ಲ ಬಂದು ಗಲಾಟೆ ಮಾಡುತ್ತಾರೆ, ಮಾಡಲಿ. ಎದುರು ತಂಡದ ಗೋಲಿಯ ಅಪ್ಪನಿಗೆ ಬೈಯಬಾರದು, ಅಷ್ಟೇ ಷರತ್ತು.

ಇಲ್ಲಿ ಈಗ ಮೂರು ಕಾಲೇಜಿನ ಮೇಷ್ಟ್ರುಗಳು ಕೂತಿದ್ದೀರಿ. ಇನ್ನು ಮೂರು ಬೇಕು. ಕಡೂರು, ತರೀಕೆರೆಯವರಿಗೆ ನಾನು ಫೋನ್ ಮಾಡುತ್ತೇನೆ. ಕೊಪ್ಪದವರ ಜೊತೆ ನೀವು ಯಾರಾದರೂ ಮಾತಾಡಿ, ನಿಮಗೆ ಸಲಿಗೆ ಜಾಸ್ತಿ. ಮೈದಾನಕ್ಕೆ ಅರ್ಜಿಯನ್ನು ಈಗಲೇ ಕೊಟ್ಟಿರಬೇಕು, ಸೆಪ್ಟೆಂಬರ್‌ನಲ್ಲಿ ಕೇಳಿದರೆ ಭಾನುವಾರಗಳೆಲ್ಲ ಕ್ರಿಕೆಟ್‌ನವರ ಪಾಲಾಗಿರುತ್ತವೆ. ಅರ್ಜಿ ಬರೆದು ತಂದಿದ್ದೇನೆ. ಹೊರಗೆ ಕಾಫಿ ಇದೆ, ಕುಡಿಯುವ ಮೊದಲು ಮೂರೂ ಜನ ಸಹಿ ಹಾಕಿಬಿಡಿ.